ಪ್ರತಿಕಾಯವಿದ್ದೂ ರಕ್ಷಣೆಯಿಲ್ಲ: ಹೆಪಟೈಟಿಸ್ ಸಿ ಕಲಿಸಿದ ಪಾಠ



ಕನ್ನಡದಲ್ಲಿ ನಾವು ‘ರೋಗನಿರೋಧಕ ಶಕ್ತಿ’ ಎನ್ನುತ್ತೇವೆ. ಈ ಪದದ ಕೊನೆಯಲ್ಲಿರುವ ‘ಶಕ್ತಿ’ ನಮ್ಮ ಯೋಚನೆಯನ್ನು ಮೊದಲೇ ಒಂದು ದಾರಿಗೆ ಹಚ್ಚಿಬಿಡುತ್ತದೆ. ಶಕ್ತಿ ಎಂದ ಮೇಲೆ ಅದು ಹೆಚ್ಚಿರಬೇಕು, ಇಲ್ಲವೇ ಕಡಿಮೆ ಇರಬೇಕು. ಕಡಿಮೆಯಾದರೆ ತುಂಬಿಕೊಳ್ಳಬೇಕು, ತುಂಬಿಕೊಂಡರೆ ರೋಗ ಹತ್ತಿರ ಸುಳಿಯದು. ಕಷಾಯದ ಪೊಟ್ಟಣದಿಂದ ಹಿಡಿದು ಮಕ್ಕಳ ಪೇಯದ ಡಬ್ಬಿಯವರೆಗೆ ಎಲ್ಲದರ ಮೇಲೂ ಇದೇ ಲೆಕ್ಕ ಅಚ್ಚಾಗಿರುತ್ತದೆ. ಈ ಲೆಕ್ಕ ತಪ್ಪು ಎಂದು ತೋರಿಸುವುದು ಇಂದಿನ ಉಪನ್ಯಾಸದ ಉದ್ದೇಶ. ಅದಕ್ಕೆ ನಾನು ಆರಿಸಿಕೊಂಡ ಸಾಕ್ಷಿ ದೀರ್ಘಕಾಲದ ಹೆಪಟೈಟಿಸ್ ಸಿ. ಈ ಕಾಯಿಲೆಯಲ್ಲಿ ದೇಹದ ಕಾವಲು ನಿದ್ದೆ ಹೋಗಿರುವುದಿಲ್ಲ. ಪ್ರತಿಕಾಯ ತಯಾರಾಗುತ್ತದೆ, ಎಚ್ಚರಿಕೆಯ ಗಂಟೆ ವರ್ಷಗಟ್ಟಲೆ ಬಾರಿಸುತ್ತಲೇ ಇರುತ್ತದೆ, ಹೋರಾಡುವ ಜೀವಕೋಶಗಳು ಯಕೃತ್ತಿನಲ್ಲಿ ಬೀಡುಬಿಟ್ಟಿರುತ್ತವೆ. ಆದರೂ ವೈರಾಣು ಉಳಿಯುತ್ತದೆ. ಆ ವೈರಾಣುವನ್ನು ಕೊನೆಗೆ ಸೋಲಿಸಿದ ಮಾತ್ರೆ ಈ ಕಾವಲನ್ನು ಬಲಪಡಿಸಿ ಗೆದ್ದದ್ದಲ್ಲ. ಹಾಗಾದರೆ ರೋಗನಿರೋಧಕತೆ ಎಂದರೇನು, ಚಿಕಿತ್ಸೆ ಎಂದರೇನು, ಒಂದು ಇನ್ನೊಂದರ ಜಾಗವನ್ನು ಎಷ್ಟರಮಟ್ಟಿಗೆ ತುಂಬಬಲ್ಲದು ಎಂಬ ಪ್ರಶ್ನೆಗಳು ಏಳುತ್ತವೆ.

ಈ ವೈರಾಣು ಸಿಕ್ಕಿಬಿದ್ದ ಕಥೆಯಲ್ಲಿಯೇ ನನ್ನ ವಾದದ ಮೊದಲ ಎಳೆ ಇದೆ. 1970ರ ದಶಕದಲ್ಲಿ ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹಾರ್ವೆ ಆಲ್ಟರ್ ಮತ್ತು ಸಂಗಡಿಗರು ರಕ್ತ ಪಡೆದವರಲ್ಲಿ ಕಾಣಿಸಿಕೊಳ್ಳುವ ಯಕೃತ್ತಿನ ಉರಿಯೂತವನ್ನು ಪರಿಶೀಲಿಸುತ್ತಿದ್ದರು. ಅದರಲ್ಲಿ ಬಹುಪಾಲು ಹೆಪಟೈಟಿಸ್ ಎ ಆಗಿರಲಿಲ್ಲ, ಬಿ ಕೂಡ ಆಗಿರಲಿಲ್ಲ. ಹೆಸರೇ ಗೊತ್ತಿಲ್ಲದ ಆ ರೋಗವನ್ನು ಹದಿನೈದು ವರ್ಷಗಳ ಕಾಲ ‘ಎ ಅಲ್ಲದ, ಬಿ ಅಲ್ಲದ’ ಹೆಪಟೈಟಿಸ್ ಎಂದೇ ಕರೆಯಬೇಕಾಯಿತು. ಸೂಕ್ಷ್ಮದರ್ಶಕಕ್ಕೆ ಅದು ಸಿಗಲಿಲ್ಲ, ಪ್ರಯೋಗಾಲಯದಲ್ಲಿ ಬೆಳೆಯಲೂ ಇಲ್ಲ. 1989ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಕ್ಯಾಲಿಫೋರ್ನಿಯಾದ ಕೈರಾನ್ ಕಂಪನಿಯಲ್ಲಿ ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಅವರು ಬೇರೆ ದಾರಿ ಹಿಡಿದರು. ಸೋಂಕು ತಗುಲಿದ ಚಿಂಪಾಂಜಿಯ ರಕ್ತದಲ್ಲಿದ್ದ ಆನುವಂಶಿಕ ವಸ್ತುವಿನ ಚೂರುಗಳನ್ನು ಬ್ಯಾಕ್ಟೀರಿಯಾಗಳಿಗೆ ಸೇರಿಸಿ, ಅವು ತಯಾರಿಸಿದ ಪ್ರೋಟೀನುಗಳ ಮುಂದೆ ರೋಗಿಯ ರಕ್ತದ್ರವವನ್ನು ಒಡ್ಡಿದರು. ಲಕ್ಷಗಟ್ಟಲೆ ಚೂರುಗಳ ನಡುವೆ ಒಂದನ್ನು ರೋಗಿಯ ಪ್ರತಿಕಾಯ ಹಿಡಿದುಕೊಂಡಿತು. ಅದೇ ಹೆಪಟೈಟಿಸ್ ಸಿ ವೈರಾಣುವಿನ ತುಣುಕು. 1997ರಲ್ಲಿ ಚಾರ್ಲ್ಸ್ ರೈಸ್ ಅವರ ತಂಡ ಈ ವೈರಾಣುವಿನ ಆರ್‌ಎನ್‌ಎ ಮಾತ್ರವೇ ಚಿಂಪಾಂಜಿಯಲ್ಲಿ ರೋಗ ತರಬಲ್ಲದು ಎಂದು ಸಾಬೀತುಪಡಿಸಿತು. 2020ರ ನೊಬೆಲ್ ಪ್ರಶಸ್ತಿ ಆಲ್ಟರ್, ಹೌಟನ್, ರೈಸ್ ಮೂವರಿಗೂ ಸಂದಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವಿಜ್ಞಾನಿಗಳಿಗಿಂತ ಮೊದಲೇ ರೋಗಿಯ ದೇಹ ಈ ವೈರಾಣುವನ್ನು ಗುರುತಿಸಿತ್ತು. ಗುರುತಿಸಿದ್ದರೂ ಅದನ್ನು ಹೊರಗಟ್ಟಲು ಆಗಿರಲಿಲ್ಲ.

ಲ್ಯಾಬಿನಿಂದ ಬರುವ ಒಂದು ವರದಿ ಚೀಟಿಯನ್ನು ಹತ್ತಿರದಿಂದ ನೋಡೋಣ. ‘ಆಂಟಿ ಎಚ್‌ಸಿವಿ: ರಿಯಾಕ್ಟಿವ್’ ಎಂಬ ಒಂದೇ ಸಾಲು. ದಡಾರದ ವಿಷಯದಲ್ಲಿ ಇಂಥ ಸಾಲು ಬಂದರೆ ಅದು ಒಳ್ಳೆಯ ಸುದ್ದಿ: ನಿಮ್ಮಲ್ಲಿ ಪ್ರತಿಕಾಯವಿದೆ, ಇನ್ನು ಭಯವಿಲ್ಲ. ಹೆಪಟೈಟಿಸ್ ಸಿ ವಿಷಯದಲ್ಲಿ ಅದೇ ಸಾಲಿಗೆ ಎರಡು ಅರ್ಥ. ಸೋಂಕು ಬಂದು ಹೋಗಿರಬಹುದು, ಅಥವಾ ಈ ಕ್ಷಣವೂ ಒಳಗೇ ಇರಬಹುದು. ಯಾವುದೆಂದು ತಿಳಿಯಲು ರಕ್ತದಲ್ಲಿ ವೈರಾಣುವಿನ ಆರ್‌ಎನ್‌ಎ ಇದೆಯೇ ಎಂದು ಇನ್ನೊಂದು ಪರೀಕ್ಷೆ ಮಾಡಬೇಕು. ಪ್ರತಿಕಾಯ ಹೀಗೆ ಬರಿಯ ಸಾಕ್ಷಿಯಾಗಿ ಉಳಿಯುವುದಕ್ಕೆ ಕಾರಣವಿದೆ. ಸುಮಾರು 9,600 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ ಈ ವೈರಾಣುವಿನ ಇಡೀ ಗ್ರಂಥ. ಅದನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಅಭ್ಯಾಸವಿಲ್ಲ. ಸೋಂಕಿತ ದೇಹದಲ್ಲಿ ದಿನಕ್ಕೆ ಸುಮಾರು ಒಂದು ಲಕ್ಷ ಕೋಟಿ ವೈರಾಣು ಕಣಗಳು ಹುಟ್ಟುತ್ತವೆ, ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಇಷ್ಟು ನಕಲು, ಇಷ್ಟು ತಪ್ಪು. ವೈರಾಣುವಿನ ಹೊರಕವಚದಲ್ಲಿ ಪ್ರತಿಕಾಯಕ್ಕೆ ಸುಲಭವಾಗಿ ಸಿಗುವ ಭಾಗವೇ ಎಲ್ಲಕ್ಕಿಂತ ವೇಗವಾಗಿ ಬದಲಾಗುತ್ತದೆ. ಪ್ರತಿಕಾಯ ನಿನ್ನೆಯ ಮುಖವನ್ನು ಹಿಡಿಯುವಷ್ಟರಲ್ಲಿ ಇಂದಿನ ಮುಖ ಬೇರೆಯಾಗಿರುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುವುದು ಸಹಜ. ಸೋಂಕು ತಗುಲಿದವರಲ್ಲಿ ಸುಮಾರು ಶೇ. 30ರಷ್ಟು ಮಂದಿ ಆರು ತಿಂಗಳೊಳಗೆ ಯಾವ ಔಷಧವೂ ಇಲ್ಲದೆ ವೈರಾಣುವನ್ನು ಕಳೆದುಕೊಳ್ಳುತ್ತಾರೆ. ಅವರದು ಹೆಚ್ಚು ಶಕ್ತಿ, ಉಳಿದವರದು ಕಡಿಮೆ ಶಕ್ತಿ ಎನ್ನಬಾರದೇಕೆ? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ನೋವಿನ ಸಂಗತಿಯೊಂದು ಐರ್ಲೆಂಡಿನಲ್ಲಿ ನಡೆದಿದೆ. ಆರ್‌ಎಚ್ ನೆಗೆಟಿವ್ ರಕ್ತಗುಂಪಿನ ಬಾಣಂತಿಯರಿಗೆ ಕೊಡುವ ಆಂಟಿ-ಡಿ ಚುಚ್ಚುಮದ್ದಿನಲ್ಲಿ 1977ರ ಮೇ ತಿಂಗಳಿಂದ 1978ರ ನವೆಂಬರ್‌ವರೆಗೆ ಈ ವೈರಾಣು ಸೇರಿಹೋಗಿತ್ತು. ಮೂಲ ಒಂದೇ, ತಳಿ ಒಂದೇ, ಸೋಂಕು ತಗುಲಿದವರೆಲ್ಲ ಬಹುಮಟ್ಟಿಗೆ ಆರೋಗ್ಯವಂತ ಎಳೆಯ ತಾಯಂದಿರು. ಸುಮಾರು 17 ವರ್ಷಗಳ ನಂತರ 62,667 ಮಹಿಳೆಯರನ್ನು ಪರೀಕ್ಷಿಸಿದಾಗ 704 ಮಂದಿಯಲ್ಲಿ ಸೋಂಕಿನ ಗುರುತು ಸಿಕ್ಕಿತು. ಅವರಲ್ಲಿ 390 ಮಂದಿಯಲ್ಲಿ ವೈರಾಣು ಇನ್ನೂ ಇತ್ತು, ಉಳಿದವರಲ್ಲಿ ಇರಲಿಲ್ಲ. ಯಾರು ಗೆದ್ದರು, ಯಾರು ಸೋತರು ಎಂದು ಅವರ ಜೀನುಗಳಲ್ಲಿ ಹುಡುಕಿದಾಗ ಎಚ್‌ಎಲ್‌ಎ-ಬಿ27ರಂಥ ಕೆಲವು ಗುರುತುಗಳು ಗೆದ್ದವರಲ್ಲಿ ಹೆಚ್ಚಾಗಿ ಕಂಡವು. ಎಚ್‌ಎಲ್‌ಎ ಎಂದರೆ ವೈರಾಣುವಿನ ಚೂರನ್ನು ಜೀವಕೋಶದ ಮೇಲ್ಮೈಯಲ್ಲಿ ರೋಗನಿರೋಧಕ ವ್ಯವಸ್ಥೆಯ ಟಿ ಜೀವಕೋಶಗಳಿಗೆ ತೋರಿಸುವ ತಟ್ಟೆ. ಬಿ27 ತಟ್ಟೆಯಲ್ಲಿ ಕೂರುವ ಚೂರು ವೈರಾಣು ಸುಲಭವಾಗಿ ಬದಲಾಯಿಸಿಕೊಳ್ಳಲಾಗದ ಭಾಗದ್ದು. ಆದರೆ ಇದೇ ಬಿ27 ಇರುವವರಿಗೆ ಬೆನ್ನುಮೂಳೆಯನ್ನು ಬಿಗಿದು ಬೆಸೆಯುವ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಬರುವ ಸಾಧ್ಯತೆಯೂ ಹೆಚ್ಚು. ಒಂದು ರೋಗದಲ್ಲಿ ಕಾಯುವ ಗುಣವೇ ಇನ್ನೊಂದರಲ್ಲಿ ಕಾಡುತ್ತದೆ. ಹಾಗಿರುವಾಗ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಇವರಿಗೆ ಶಕ್ತಿ ಹೆಚ್ಚು, ಅವರಿಗೆ ಕಡಿಮೆ ಎನ್ನಲು ಬರುವುದಿಲ್ಲ. ಗೆಲುವನ್ನು ನಿರ್ಧರಿಸಿದ್ದು ಬಲಕ್ಕಿಂತ ಹೊಂದಿಕೆ: ಯಾವ ಬೀಗಕ್ಕೆ ಯಾವ ಕೀಲಿ ಎಂಬುದು.

ಇನ್ನು ಜೀವಕೋಶದ ಒಳಗೆ ಇಣುಕೋಣ. ವೈರಾಣುವಿನ ಆರ್‌ಎನ್‌ಎ ಒಳಗೆ ಬಂದೊಡನೆ ಅದನ್ನು ಗುರುತಿಸುವ ಕಾವಲು ಪ್ರೋಟೀನುಗಳು ಪ್ರತಿಯೊಂದು ಯಕೃತ್ ಕೋಶದಲ್ಲೂ ಇವೆ. ಅವು ಎಂಎವಿಎಸ್ ಎಂಬ ಇನ್ನೊಂದು ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಸುದ್ದಿ ಕೋಶಕೇಂದ್ರಕ್ಕೆ ಹೋಗಿ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನು ತಯಾರಾಗಬೇಕು. ಹೆಪಟೈಟಿಸ್ ಸಿ ವೈರಾಣುವಿಗೆ ತನ್ನ ಉದ್ದನೆಯ ಪ್ರೋಟೀನನ್ನು ತುಂಡರಿಸಿಕೊಳ್ಳಲು ಒಂದು ಕತ್ತರಿ ಬೇಕು. ಎನ್‌ಎಸ್3/4ಎ ಎಂಬ ಕಿಣ್ವವೇ ಆ ಕತ್ತರಿ. ಅದೇ ಕತ್ತರಿ ಎಂಎವಿಎಸ್ಸನ್ನೂ ಕತ್ತರಿಸಿ ಹಾಕುತ್ತದೆ ಎಂದು 2005ರಲ್ಲಿ ಗೊತ್ತಾಯಿತು. ಮನೆಗೆ ನುಗ್ಗಿದವನು ಮೊದಲು ಗಂಟೆಯ ತಂತಿ ಕತ್ತರಿಸಿದಂತೆ. ಆದರೆ ಯಕೃತ್ತಿನಲ್ಲಿ ಸೋಂಕು ತಗುಲದ ಅಕ್ಕಪಕ್ಕದ ಕೋಶಗಳೂ ಇತರ ಕಾವಲು ಕೋಶಗಳೂ ಇರುತ್ತವೆ. ಅವು ಇಂಟರ್‌ಫೆರಾನ್ ತಯಾರಿಸುತ್ತವೆ, ಅದರ ಕರೆಗೆ ನೂರಾರು ಜೀನುಗಳು ಎಚ್ಚರಗೊಳ್ಳುತ್ತವೆ. ಅನೇಕ ರೋಗಿಗಳ ಯಕೃತ್ತಿನಲ್ಲಿ ಈ ಎಚ್ಚರ ವರ್ಷಗಟ್ಟಲೆ ಇಳಿಯುವುದೇ ಇಲ್ಲ. ವೈರಾಣುವೂ ಇಳಿಯುವುದಿಲ್ಲ.

ಟಿ ಜೀವಕೋಶಗಳ ಕಥೆ ಇನ್ನೂ ಸೂಕ್ಷ್ಮ. 2003ರಲ್ಲಿ ಚಿಂಪಾಂಜಿಗಳ ಮೇಲೆ ನಡೆದ ಪ್ರಯೋಗಗಳು ಇದನ್ನು ಸ್ಪಷ್ಟಪಡಿಸಿದವು. ಹಿಂದೆ ಸೋಂಕಿನಿಂದ ಗುಣವಾಗಿದ್ದ ಪ್ರಾಣಿಗಳಲ್ಲಿ ಕೊಲ್ಲುವ ಸಿಡಿ8 ಕೋಶಗಳನ್ನು ತಾತ್ಕಾಲಿಕವಾಗಿ ತೆಗೆದು ಮತ್ತೆ ಸೋಂಕು ಕೊಟ್ಟಾಗ, ಆ ಕೋಶಗಳು ಮರಳಿ ಬರುವವರೆಗೂ ವೈರಾಣು ಉಳಿದುಕೊಂಡಿತು. ಸಹಾಯಕ ಸಿಡಿ4 ಕೋಶಗಳನ್ನು ತೆಗೆದಾಗ, ಸಿಡಿ8 ಕೋಶಗಳು ಇದ್ದರೂ ವೈರಾಣು ಅವುಗಳಿಂದ ತಪ್ಪಿಸಿಕೊಂಡು ನೆಲೆಯೂರಿತು. ಮನುಷ್ಯರಲ್ಲೂ ಸೋಂಕು ದೀರ್ಘಕಾಲದ್ದಾಗುವಾಗ ಮೊದಲು ಕೈಕೊಡುವುದು ಈ ಸಹಾಯಕರೇ. ಆಮೇಲೆ ಸಿಡಿ8 ಕೋಶಗಳು ದಣಿಯುತ್ತವೆ. ಅವುಗಳ ಮೈಮೇಲೆ ಪಿಡಿ-1 ಎಂಬ ತಡೆಗುಂಡಿ ಏರುತ್ತದೆ, ಒಳಗೆ ಟಾಕ್ಸ್ ಎಂಬ ಪ್ರೋಟೀನು ಅವುಗಳ ನಡವಳಿಕೆಯನ್ನೇ ಬದಲಾಯಿಸುತ್ತದೆ. ಸತತವಾಗಿ ಎಚ್ಚರಿಸಿದ್ದರಿಂದಲೇ ಬಂದ ದಣಿವು ಇದು. ಇನ್ನಷ್ಟು ಎಚ್ಚರಿಸಿದರೆ ಹೋಗುವಂಥದ್ದಲ್ಲ. ಇದು ಒಂದರ್ಥದಲ್ಲಿ ದೇಹ ಮಾಡಿಕೊಂಡ ರಾಜಿಯೂ ಹೌದು. ಕೊಲ್ಲುವ ಕೋಶಗಳು ಪೂರ್ಣ ಬಲದಿಂದ ವರ್ಷಗಟ್ಟಲೆ ಹೋರಾಡಿದರೆ ಯಕೃತ್ತೇ ಉಳಿಯದು. ಆ ರಾಜಿಗೂ ಬೆಲೆ ತೆರಬೇಕು: ಒಳಗೊಳಗೇ ಹೊಗೆಯಾಡುವ ಉರಿಯೂತದಿಂದ ನಾರು ಬೆಳೆಯುತ್ತದೆ, ಇಪ್ಪತ್ತು ವರ್ಷಗಳಲ್ಲಿ ಶೇ. 15ರಿಂದ 30ರಷ್ಟು ಮಂದಿಗೆ ಯಕೃತ್ತು ಗಟ್ಟಿಯಾಗುವ ಸಿರೋಸಿಸ್ ಬರುವ ಅಪಾಯವಿದೆ, ಕೆಲವರಿಗೆ ಯಕೃತ್ತಿನ ಕ್ಯಾನ್ಸರ್ ಕೂಡ.

ಈಗ ಎರಡನೆಯ, ಹೆಚ್ಚು ತೂಕದ ಆಕ್ಷೇಪ. ಇಂಟರ್‌ಫೆರಾನ್ ದೇಹದ್ದೇ ಅಸ್ತ್ರವಲ್ಲವೇ, ಅದನ್ನೇ ಹೊರಗಿನಿಂದ ಕೊಟ್ಟು ಈ ಕಾಯಿಲೆಯನ್ನು ಗುಣಪಡಿಸಲಿಲ್ಲವೇ? ನಿಜ. 1986ರಲ್ಲಿ, ವೈರಾಣು ಪತ್ತೆಯಾಗುವ ಮೊದಲೇ, ಜೇ ಹೂಫ್‌ನೇಗಲ್ ಮತ್ತು ಸಂಗಡಿಗರು ಹತ್ತು ರೋಗಿಗಳಿಗೆ ಇಂಟರ್‌ಫೆರಾನ್ ಕೊಟ್ಟ ಫಲಿತಾಂಶವನ್ನು ಪ್ರಕಟಿಸಿದರು. ಮುಂದೆ ರೈಬಾವಿರಿನ್ ಎಂಬ ಔಷಧ ಜೊತೆಗೂಡಿತು, ವಾರಕ್ಕೊಮ್ಮೆ ಚುಚ್ಚುವ ಪೆಗ್ ಇಂಟರ್‌ಫೆರಾನ್ ಬಂತು. 48 ವಾರಗಳ ಚಿಕಿತ್ಸೆಯ ನಂತರ ಮೊದಲನೆಯ ತಳಿಯ ಸೋಂಕಿನಲ್ಲಿ ಅರ್ಧದಷ್ಟು ಜನ ಗುಣವಾದರು. ಜ್ವರ, ಸುಸ್ತು, ರಕ್ತಹೀನತೆ, ಖಿನ್ನತೆ ಇದರ ಜೊತೆಗೇ ಬರುತ್ತಿದ್ದವು. ಆದರೆ ಯಾರು ಗುಣವಾದರು ಎಂದು ನೋಡಿದರೆ ಶಕ್ತಿಯ ಲೆಕ್ಕ ತಲೆಕೆಳಗಾಗುತ್ತದೆ. ಚಿಕಿತ್ಸೆಗೆ ಮೊದಲೇ ಯಾರ ಯಕೃತ್ತಿನಲ್ಲಿ ಇಂಟರ್‌ಫೆರಾನ್ ಎಚ್ಚರಿಸುವ ಜೀನುಗಳು ಗರಿಷ್ಠ ಮಟ್ಟದಲ್ಲಿ ಕೆಲಸ ಮಾಡುತ್ತಿದ್ದವೋ ಅವರಿಗೇ ಔಷಧ ನಾಟಲಿಲ್ಲ. 2009ರಲ್ಲಿ ಐಎಲ್28ಬಿ ಜೀನಿನ ಬಳಿಯ ಒಂದು ಅಕ್ಷರದ ವ್ಯತ್ಯಾಸ ಚಿಕಿತ್ಸೆಯ ಫಲವನ್ನು ಮುನ್ಸೂಚಿಸುತ್ತದೆ ಎಂದು ಮೂರು ತಂಡಗಳು ಕಂಡವು. 2013ರಲ್ಲಿ ಅದರ ಒಳಗುಟ್ಟು ಇನ್ನಷ್ಟು ತಿಳಿಯಿತು: ಲ್ಯಾಂಬ್ಡಾ-4 ಎಂಬ ಹೆಚ್ಚುವರಿ ಇಂಟರ್‌ಫೆರಾನನ್ನು ತಯಾರಿಸಬಲ್ಲವರು ಸೋಲುವ ಸಂಭವ ಹೆಚ್ಚು, ಅದನ್ನು ತಯಾರಿಸಲಾಗದವರು ಗೆಲ್ಲುವ ಸಂಭವ ಹೆಚ್ಚು. ಒಂದು ರಕ್ಷಣಾ ಪ್ರೋಟೀನು ಇಲ್ಲದಿರುವುದೇ ರಕ್ಷಣೆಯಾಯಿತು. ಹೆಚ್ಚು ಎಂದರೆ ಒಳ್ಳೆಯದು ಎಂಬ ನಂಬಿಕೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ನಿಜವಾದ ತಿರುವು ಬಂದದ್ದು ವೈರಾಣುವಿನ ಯಂತ್ರವನ್ನೇ ಗುರಿಯಾಗಿಸಿದ ಮೇಲೆ. 1999ರಲ್ಲಿ ಜರ್ಮನಿಯ ಮೈನ್ಸ್‌ನಲ್ಲಿ ರಾಲ್ಫ್ ಬಾರ್ಟೆನ್‌ಶ್ಲಾಗರ್ ಅವರ ತಂಡ ವೈರಾಣುವಿನ ನಕಲು ಯಂತ್ರವನ್ನು ಪ್ರಯೋಗಾಲಯದ ಕೋಶಗಳಲ್ಲಿ ಓಡಿಸುವ ವಿಧಾನ ಕಂಡುಕೊಂಡಿತು. ಅದರಿಂದ ಔಷಧಗಳನ್ನು ಪರೀಕ್ಷಿಸುವುದು ಸಾಧ್ಯವಾಯಿತು. 2011ರಲ್ಲಿ ಕತ್ತರಿ ಕಿಣ್ವವನ್ನು ತಡೆಯುವ ಮೊದಲ ಔಷಧಗಳು ಬಂದವು. 2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್‌ಗೆ ಅನುಮತಿ ದೊರೆಯಿತು. ಈ ಮಾತ್ರೆ ಮಾಡುವ ಕೆಲಸವನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ವೈರಾಣುವಿನ ಕಿಣ್ವ ಆರ್‌ಎನ್‌ಎ ಎಂಬ ಮಣಿಸರವನ್ನು ಪೋಣಿಸುತ್ತಾ ಹೋಗುತ್ತದೆ. ಯಕೃತ್ ಕೋಶದೊಳಗೆ ಸೊಫೊಸ್ಬುವಿರ್ ಥೇಟ್ ಯೂರಿಡಿನ್ ಮಣಿಯಂಥ ರೂಪ ತಾಳುತ್ತದೆ. ಕಿಣ್ವ ಮೋಸಹೋಗಿ ಅದನ್ನು ಪೋಣಿಸಿಕೊಳ್ಳುತ್ತದೆ. ಆ ಮಣಿಯ ಮುಂದೆ ಇನ್ನೊಂದು ಮಣಿ ಸೇರದು. ಸರ ಅಲ್ಲಿಗೇ ನಿಂತುಹೋಗುತ್ತದೆ. ಜೊತೆಗೆ ಕೊಡುವ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಔಷಧ ವೈರಾಣುವಿನ ಇನ್ನೊಂದು ಪ್ರೋಟೀನನ್ನು ಕಟ್ಟಿಹಾಕುತ್ತದೆ. ಎಚ್‌ಐವಿಯಂತೆ ಈ ವೈರಾಣು ನಮ್ಮ ಡಿಎನ್‌ಎಯಲ್ಲಿ ಸೇರಿಕೊಳ್ಳುವುದಿಲ್ಲ, ಹೆಪಟೈಟಿಸ್ ಬಿಯಂತೆ ಕೋಶಕೇಂದ್ರದಲ್ಲಿ ಅಡಗುವುದೂ ಇಲ್ಲ. ನಕಲು ನಿಂತರೆ ಅದರ ವಂಶವೇ ನಿಂತಂತೆ. ಆದ್ದರಿಂದಲೇ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ಶೇ. 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ.

ಕತ್ತರಿಯನ್ನು ತಡೆದಾಗ ಗಂಟೆಯ ತಂತಿ ಮತ್ತೆ ಕೂಡಿಕೊಂಡು ದೇಹವೇ ಎಚ್ಚೆತ್ತು ಗೆದ್ದಿರಬಹುದಲ್ಲ ಎಂದು ಕೇಳಬಹುದು. ಆದರೆ ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್ ಆ ಕತ್ತರಿಯನ್ನು ಮುಟ್ಟುವುದೇ ಇಲ್ಲ, ಆದರೂ ಅಷ್ಟೇ ಚೆನ್ನಾಗಿ ಗುಣಪಡಿಸುತ್ತವೆ. ಅದಕ್ಕೂ ಮಿಗಿಲಾಗಿ, ವೈರಾಣು ಇಳಿದಂತೆ ಯಕೃತ್ತಿನಲ್ಲಿ ಇಂಟರ್‌ಫೆರಾನ್ ಎಚ್ಚರಿಸಿದ್ದ ಜೀನುಗಳ ಸದ್ದೂ ಅಡಗುತ್ತದೆ ಎಂದು ಚಿಕಿತ್ಸೆಗೆ ಮೊದಲು ಮತ್ತು ನಂತರ ತೆಗೆದ ಯಕೃತ್ತಿನ ತುಣುಕುಗಳು ತೋರಿಸಿವೆ. ಗುಣವಾಗುವ ಹೊತ್ತಿನಲ್ಲಿ ಎಚ್ಚರಿಕೆ ಏರಲಿಲ್ಲ, ಇಳಿಯಿತು. ಉಳಿದ ಕೊನೆಯ ಕೆಲವು ಕಣಗಳನ್ನು ಒರೆಸಿಹಾಕುವುದರಲ್ಲಿ ಟಿ ಜೀವಕೋಶಗಳ ಪಾಲೂ ಇರಬಹುದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಹಾಗಿದ್ದರೂ ಹೋರಾಟದ ಭಾರ ಹೊತ್ತದ್ದು ಔಷಧವೇ.

ಹಾಗಾದರೆ ರೋಗನಿರೋಧಕತೆಯ ಮಾತನ್ನು ಇಲ್ಲಿಗೆ ಬಿಟ್ಟುಬಿಡಬಹುದೇ? ಮಾತ್ರೆ ಗೆದ್ದ ಮೇಲೆ ಉಳಿದದ್ದೆಲ್ಲ ಪಂಡಿತರ ಚರ್ಚೆ ಎನ್ನುವವರಿದ್ದಾರೆ. ನಾನು ಇದನ್ನು ಒಪ್ಪಲಾರೆ, ಮೂರು ಕಾರಣಗಳಿಗೆ. ಮೊದಲನೆಯದು, ಗುಣವಾದ ದೇಹ ಪಾಠ ಕಲಿತಿರುವುದಿಲ್ಲ. ವೈರಾಣು ಹೋದ ಮೇಲೆ ಟಿ ಜೀವಕೋಶಗಳು ಸ್ವಲ್ಪ ಚೇತರಿಸಿಕೊಳ್ಳುತ್ತವೆ. ಆದರೆ ದಣಿವಿನ ಗುರುತುಗಳು ಅವುಗಳ ಡಿಎನ್‌ಎ ಜೋಡಣೆಯಲ್ಲಿ ಗಾಯದ ಕಲೆಯಂತೆ ಉಳಿಯುತ್ತವೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಆದ್ದರಿಂದ ಗುಣವಾದವರಿಗೆ ಸೋಂಕಿತ ಸೂಜಿ ತಾಗಿದರೆ ಮತ್ತೆ ಸೋಂಕು ಬರಬಹುದು. ಎರಡನೆಯದು, ಎಚ್ಚರಿಕೆ ಇಳಿದಾಗ ಬೇರೆ ಅಪಾಯ ತಲೆಯೆತ್ತಬಹುದು. ಸಿ ಜೊತೆಗೆ ಹೆಪಟೈಟಿಸ್ ಬಿ ಕೂಡ ಇದ್ದವರಲ್ಲಿ ಚಿಕಿತ್ಸೆಯ ನಡುವೆ ಬಿ ವೈರಾಣು ಮತ್ತೆ ಕೆರಳಿದ ಪ್ರಕರಣಗಳಿಂದಾಗಿ 2016ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. ಮಾತ್ರೆ ಆರಂಭಿಸುವ ಮೊದಲು ಬಿ ಪರೀಕ್ಷೆ ಕಡ್ಡಾಯವಾಗಿರುವುದು ಇದಕ್ಕೇ. ಮೂರನೆಯದು ಲಸಿಕೆ. ಟಿ ಜೀವಕೋಶಗಳನ್ನು ಎಚ್ಚರಿಸುವ ಒಂದು ಲಸಿಕೆಯನ್ನು ಅಮೆರಿಕದಲ್ಲಿ ಸೂಜಿಯ ಮೂಲಕ ಮಾದಕ ವಸ್ತು ಬಳಸುವ 548 ಮಂದಿಯಲ್ಲಿ ಪರೀಕ್ಷಿಸಲಾಯಿತು. 2021ರಲ್ಲಿ ಫಲಿತಾಂಶ ಬಂತು. ಲಸಿಕೆ ಪಡೆದ ಹೆಚ್ಚಿನವರಲ್ಲಿ ಟಿ ಕೋಶಗಳು ಎಚ್ಚರಗೊಂಡವು, ಸೋಂಕಿನ ಆರಂಭದಲ್ಲಿ ವೈರಾಣುವಿನ ಮಟ್ಟವೂ ಕಡಿಮೆಯಿತ್ತು. ಆದರೆ ದೀರ್ಘಕಾಲದ ಸೋಂಕು ಎರಡು ಗುಂಪಿನಲ್ಲೂ ತಲಾ 14 ಮಂದಿಗೆ ಬಂತು. ‘ಹೆಚ್ಚಿದ’ ಪ್ರತಿಕ್ರಿಯೆ ಮತ್ತೊಮ್ಮೆ ರಕ್ಷಣೆಯಾಗಲಿಲ್ಲ. ಮುಂದಿನ ಲಸಿಕೆಗೆ ಬೇಕಾದದ್ದು ಸರಿಯಾದ ಪ್ರತಿಕ್ರಿಯೆ: ವೈರಾಣು ಬದಲಾಯಿಸಿಕೊಳ್ಳಲಾಗದ ಭಾಗಕ್ಕೆ ಗುರಿಯಿಟ್ಟ ಪ್ರತಿಕಾಯ, ಅದರೊಂದಿಗೆ ಬಾಳುವ ಸಹಾಯಕ ಕೋಶಗಳು.

ನಮ್ಮ ನಾಡಿನಲ್ಲಿ ಕೇಳಿಬರುವ ಇನ್ನೊಂದು ಆಕ್ಷೇಪಕ್ಕೂ ಗೌರವದಿಂದ ಉತ್ತರಿಸಬೇಕು. ಕಾಮಾಲೆಗೆ ನೆಲನೆಲ್ಲಿ ಅರೆದು ಕುಡಿಸಿ ಗುಣಪಡಿಸಿದ್ದನ್ನು ಊರೂರಲ್ಲಿ ಜನ ಕಂಡಿದ್ದಾರೆ, ಅದು ಸುಳ್ಳೇ ಎಂದು ಕೇಳುತ್ತಾರೆ. ಕಂಡದ್ದು ಸುಳ್ಳಲ್ಲ, ಕಾರಣ ಬೇರೆ. ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆ ಹೊತ್ತಿಗೆ ಕುಡಿದ ಮದ್ದಿಗೆ ಕೀರ್ತಿ ಸಲ್ಲುತ್ತದೆ. ಹೆಪಟೈಟಿಸ್ ಸಿ ಹಾಗಲ್ಲ. ಹೆಚ್ಚಿನವರಲ್ಲಿ ಅದು ಕಣ್ಣು ಹಳದಿಯಾಗಿಸದೆಯೇ ಒಳಗೆ ಕೂರುತ್ತದೆ, ಹೊಟ್ಟೆಯಲ್ಲಿ ನೀರು ತುಂಬುವವರೆಗೂ ಸುಳಿವು ಕೊಡದಿರಬಹುದು. ಕಾಮಾಲೆಯೇ ಕಾಣದ ರೋಗಕ್ಕೆ ಕಾಮಾಲೆಯ ಅನುಭವ ಅಳತೆಗೋಲಾಗದು. ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಯಾವ ಪುಡಿಯೂ ವೈರಾಣುವಿನ ಮಣಿಸರವನ್ನು ನಿಲ್ಲಿಸುವುದಿಲ್ಲ. ಅದನ್ನು ನಂಬಿ ಕಳೆದ ವರ್ಷಗಳಲ್ಲಿ ಯಕೃತ್ತು ಗಟ್ಟಿಯಾಗುತ್ತದೆ.

ಈ ವಾದದಿಂದ ಹೊರಡುವ ಹೊಣೆ ಸಣ್ಣದಲ್ಲ. ಮಾತ್ರೆ ಗುಣಪಡಿಸುತ್ತದೆ, ಆದರೆ ಮುಂದೆ ಕಾಪಾಡುವುದಿಲ್ಲ ಎಂದ ಮೇಲೆ ರೋಗವನ್ನು ನಿರ್ಮೂಲ ಮಾಡುವ ಕೆಲಸ ಸಮಾಜದ ಮೇಲೆ ಬೀಳುತ್ತದೆ. ಸೊಫೊಸ್ಬುವಿರ್ ಅಮೆರಿಕದಲ್ಲಿ ಬಂದಾಗ 12 ವಾರಗಳ ಬೆಲೆ 84,000 ಡಾಲರ್ ಇತ್ತು. 2014ರಲ್ಲಿ ಭಾರತದ ಏಳು ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿ ಸಿಕ್ಕಿತು, ಅವುಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. ಕೆಲವೇ ವರ್ಷಗಳಲ್ಲಿ ಇಲ್ಲಿನ ಬೆಲೆ ಅದರ ನೂರರಲ್ಲೊಂದು ಪಾಲಿಗೂ ಕೆಳಗಿಳಿಯಿತು. 2016ರಲ್ಲಿ ಪಂಜಾಬ್ ಉಚಿತ ಚಿಕಿತ್ಸೆ ಆರಂಭಿಸಿ, ಜಿಲ್ಲಾ ಆಸ್ಪತ್ರೆಗಳ ವೈದ್ಯರ ಮೂಲಕವೇ ಹತ್ತಾರು ಸಾವಿರ ಜನರನ್ನು ತಲುಪಿತು. ಹತ್ತರಲ್ಲಿ ಒಂಬತ್ತು ಮಂದಿ ಗುಣವಾದರು. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಪರೀಕ್ಷೆ, ಮಾತ್ರೆ ಎರಡೂ ಉಚಿತವಾದವು. ಈಜಿಪ್ಟ್ ದೇಶ ಪರೋಪಜೀವಿ ರೋಗವೊಂದರ ವಿರುದ್ಧ ದಶಕಗಳ ಕಾಲ ಕೊಟ್ಟ ಚುಚ್ಚುಮದ್ದಿನ ಸೂಜಿಗಳಿಂದಲೇ ಈ ಸೋಂಕನ್ನು ಹಬ್ಬಿಸಿಕೊಂಡಿತ್ತು. ಅದೇ ದೇಶ 2018–19ರಲ್ಲಿ ಏಳು ತಿಂಗಳಲ್ಲಿ ಸುಮಾರು 5 ಕೋಟಿ ಜನರನ್ನು ಪರೀಕ್ಷಿಸಿ ತೋರಿಸಿತು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 5 ಕೋಟಿ ಜನರಲ್ಲಿ, ಭಾರತದಲ್ಲಿ 55 ಲಕ್ಷ ಜನರಲ್ಲಿ ಈ ಸೋಂಕು ಇತ್ತು. ಜಗತ್ತಿನ ಲೆಕ್ಕದಲ್ಲಿ ರೋಗ ಪತ್ತೆಯಾದವರು ಶೇ. 36 ಮಾತ್ರ. ಔಷಧದ ಕೊರತೆಗಿಂತ ಪತ್ತೆಯ ಕೊರತೆ ದೊಡ್ಡದು.

ಆದ್ದರಿಂದ ಈ ಸಭೆಯ ಮುಂದೆ ನನ್ನ ವಿನಂತಿ ಸರಳವಾದದ್ದು. ರಕ್ತನಿಧಿಗಳಲ್ಲಿ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದ 2001ಕ್ಕೆ ಮೊದಲು ರಕ್ತ ಪಡೆದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಥಲಸೇಮಿಯಾ ಅಥವಾ ಹಿಮೋಫಿಲಿಯಾಗಾಗಿ ಪದೇ ಪದೇ ರಕ್ತ ಬೇಕಾಗುವವರು, ಸ್ವಚ್ಛವಲ್ಲದ ಸೂಜಿಯಿಂದ ಚುಚ್ಚುಮದ್ದನ್ನೋ ಹಚ್ಚೆಯನ್ನೋ ಹಾಕಿಸಿಕೊಂಡವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಲಿ. ವರದಿಯಲ್ಲಿ ‘ರಿಯಾಕ್ಟಿವ್’ ಎಂದು ಬಂದರೆ ಹೆದರಿ ಮನೆಯಲ್ಲಿ ಕೂರುವುದು ಬೇಡ, ಪ್ರತಿಕಾಯವಿದೆಯೆಂದು ನೆಮ್ಮದಿಯಿಂದ ಇರುವುದೂ ಬೇಡ. ಆರ್‌ಎನ್‌ಎ ಪರೀಕ್ಷೆ ಮಾಡಿಸಿ, ಬೇಕಿದ್ದರೆ 12 ವಾರ ಮಾತ್ರೆ ನುಂಗಿ, ಮುಗಿದ 12 ವಾರಕ್ಕೆ ಮತ್ತೊಮ್ಮೆ ಆರ್‌ಎನ್‌ಎ ಪರೀಕ್ಷಿಸಿ. ಆಗ ವೈರಾಣು ಇಲ್ಲವೆಂದು ಬಂದರೆ ನೀವು ಗುಣವಾದಿರಿ ಎಂದೇ ಅರ್ಥ.